ಎಡೆ ಮೊದಲು, ಹಬ್ಬ ಆಮೇಲೆ

ಭಾದ್ರಪದದ ಕೊನೆಗೆ ಮಳೆ ಪೂರ್ತಿ ಹೋಗಿರುವುದಿಲ್ಲ, ಬಿಸಿಲು ಪೂರ್ತಿ ಬಂದಿರುವುದಿಲ್ಲ. ಕನ್ನಡನಾಡಿನ ಶರತ್ಕಾಲ ಹೀಗೆ ಅರೆಮನಸ್ಸಿನಿಂದಲೇ ಶುರುವಾಗುವುದು. ಗೋಡೆ ಕ್ಯಾಲೆಂಡರಿನ ಚಿತ್ರಗಳಲ್ಲಿ ಕಾಣುವ, ಕೆಂಪು ಎಲೆಗಳು ರಾಶಿರಾಶಿಯಾಗಿ ಉದುರಿ ಬಿದ್ದ ಶರತ್ತು ನಮ್ಮ ಕಡೆ ಇಲ್ಲ. ಬಂಡೀಪುರ, ನಾಗರಹೊಳೆಯ ತೇಗದ ಮರಗಳು ಎಲೆ ಕಳಚುವುದು ನೆಲದ ತೇವ ಆರಿದ ಮೇಲೆ, ಶಿಶಿರದ ಹೊತ್ತಿಗೆ. ಆಶ್ವಯುಜದಲ್ಲಿ ಅವು ಮಳೆ ಕುಡಿದು ಕಡುಹಸಿರಾಗಿ ನಿಂತಿರುತ್ತವೆ. ಮಲೆನಾಡಿನ ಗದ್ದೆಯಲ್ಲಿ ಭತ್ತ ಹೊಡೆ ತುಂಬುತ್ತಿರುತ್ತದೆ, ಬಯಲುಸೀಮೆಯ ರಾಗಿ ಹೊಲದ ನಡುವೆ ಹುಚ್ಚೆಳ್ಳಿನ ಸಾಲು ಹಳದಿ ಹೂ ಬಿಟ್ಟಿರುತ್ತದೆ, ವಿಜಯಪುರ, ಕಲಬುರಗಿಯ ಎರೆಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆಯ ಬಿತ್ತನೆಗೆ ಕೂರಿಗೆ ಹೂಡಿರುತ್ತಾರೆ. ಹೊರಗೆ ನೋಡಿದರೆ ಎಲ್ಲವೂ ತುಂಬಿಕೊಳ್ಳುವ, ಮೊಳೆಯುವ ಕಾಲ. ಮನೆಯೊಳಗೆ ಮಾತ್ರ ಇದೇ ಹೊತ್ತಿನಲ್ಲಿ ಯಾರು ಯಾರು ಈಗ ಇಲ್ಲ ಎಂಬ ಲೆಕ್ಕ ನಡೆಯುತ್ತದೆ. ಫೋಟೊಗಳ ಧೂಳು ಒರೆಸುತ್ತಾರೆ, ತಿಥಿ ಯಾವತ್ತು ಎಂದು ಅಕ್ಕತಂಗಿಯರು ಫೋನಿನಲ್ಲಿ ವಿಚಾರಿಸಿಕೊಳ್ಳುತ್ತಾರೆ. ಊರೆಲ್ಲ ಹಸಿರಾಗಿರುವಾಗ ಮನೆ ಯಾಕೆ ಸತ್ತವರ ಕಡೆ ತಿರುಗಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಬರಹದ ಕೆಲಸ. ನನ್ನ ವಾದ ಇಷ್ಟು: ನಮ್ಮ ಕುಟುಂಬಗಳು ಶರತ್ಕಾಲದಲ್ಲಿ ಸಂತೋಷಪಡುವ ಮೊದಲು ತಮ್ಮ ನಷ್ಟವನ್ನು ಎಣಿಸಿಕೊಳ್ಳುತ್ತವೆ, ಹಾಗೆ ಎಣಿಸಿಕೊಳ್ಳುವುದರಿಂದಲೇ ಅವು ಮುರಿಯದೆ ಬದಲಾಗುತ್ತ ಬಂದಿವೆ.

ಪಂಚಾಂಗವನ್ನೇ ಮೊದಲ ಸಾಕ್ಷಿಯಾಗಿ ತೆರೆಯೋಣ. ಭಾದ್ರಪದ ಬಹುಳದ ಹದಿನೈದು ತಿಥಿಗಳು ಪಿತೃಗಳಿಗೆ ಮೀಸಲು. ಆ ದಿನಗಳಲ್ಲಿ ಗೃಹಪ್ರವೇಶವಿಲ್ಲ, ಮದುವೆಯ ಮಾತುಕತೆ ಇಲ್ಲ, ಹೊಸ ಗಾಡಿ ಬುಕ್ ಮಾಡಿದವರೂ ಮನೆಗೆ ತರುವುದನ್ನು ಮುಂದೂಡುತ್ತಾರೆ. ಮಹಾಲಯ ಅಮಾವಾಸ್ಯೆ ಕಳೆದ ಮರುದಿನ ಬೆಳಗ್ಗೆಯೇ ಆಶ್ವಯುಜ ಶುದ್ಧ ಪಾಡ್ಯ. ಘಟ ಕೂರುತ್ತದೆ, ಗೊಂಬೆ ಏರುತ್ತದೆ, ಮೈಸೂರಿನಲ್ಲಿ ದೀಪ ಹತ್ತುತ್ತದೆ. 2024ರಲ್ಲಿ ಅಮಾವಾಸ್ಯೆ ಅಕ್ಟೋಬರ್ 2ಕ್ಕೆ ಬಂದರೆ ನವರಾತ್ರಿ ಅಕ್ಟೋಬರ್ 3ಕ್ಕೆ ಮೊದಲಾಯಿತು. 2025ರಲ್ಲಿ ಸೆಪ್ಟೆಂಬರ್ 21 ಮತ್ತು 22. ವರ್ಷದ ಅತಿ ದೊಡ್ಡ ದುಃಖದ ದಿನಕ್ಕೂ ಅತಿ ಉದ್ದದ ಸಂಭ್ರಮಕ್ಕೂ ನಡುವೆ ಇರುವುದು ಒಂದೇ ರಾತ್ರಿ. ಎರಡು ಬೇರೆ ಬೇರೆ ಮೂಲದ ಆಚರಣೆಗಳು ಪಂಚಾಂಗದಲ್ಲಿ ಹೇಗೋ ಪಕ್ಕಪಕ್ಕ ಬಂದವು, ಅದರಲ್ಲಿ ಅರ್ಥ ಹುಡುಕುವುದು ಬೇಡ ಎಂದು ಯಾರಾದರೂ ಹೇಳಬಹುದು. ಮೂಲ ಬೇರೆ ಇದ್ದೀತು, ಒಪ್ಪೋಣ. ಆದರೆ ಉತ್ತರ ಕರ್ನಾಟಕದಲ್ಲಿ ಜನ ಆ ಅಮಾವಾಸ್ಯೆಯನ್ನೇ ಮಹಾನವಮಿ ಅಮಾವಾಸ್ಯೆ ಎನ್ನುತ್ತಾರೆ. ಹಿರಿಯರಿಗೆ ಬಡಿಸುವ ದಿನ ಅವರ ಪಾಲಿಗೆ ಹಬ್ಬದ ಹೊಸ್ತಿಲು. ಸರ್ಕಾರ ಕೂಡ ಆ ದಿನಕ್ಕೆ ಸಾರ್ವತ್ರಿಕ ರಜೆ ಕೊಡುತ್ತದೆ. ಸತ್ತವರ ಕೆಲಸಕ್ಕಾಗಿ ಬದುಕಿರುವವರಿಗೆ ಸಿಗುವ ರಜೆ ಅದು. ಹಬ್ಬಗಳು ಎಲ್ಲಿಂದ ಬಂದವು ಎನ್ನುವುದು ಒಂದು ಪ್ರಶ್ನೆ, ಜನ ಅವನ್ನು ಹೇಗೆ ಜೋಡಿಸಿಕೊಂಡು ಬಾಳಿದರು ಎನ್ನುವುದು ಇನ್ನೊಂದು. ಕುಟುಂಬದ ವಿಷಯದಲ್ಲಿ ಎರಡನೆಯದೇ ಮುಖ್ಯ.

ಇದು ಪುರೋಹಿತರ ಏರ್ಪಾಡು, ಎಳ್ಳುನೀರು ಬಿಡುವ ಕೆಲವೇ ಮನೆಗಳ ಮಾತು ಎಂಬ ಆಕ್ಷೇಪವೂ ಉಂಟು. ಹಳೇ ಮೈಸೂರು ಸೀಮೆಯ ಹಳ್ಳಿಗಳನ್ನು ಬಲ್ಲವರು ಇದನ್ನು ಒಪ್ಪಲಾರರು. ಮಂಡ್ಯ, ರಾಮನಗರ, ತುಮಕೂರು, ಹಾಸನದ ಕಡೆ ಪಿತೃಪಕ್ಷ ಎಂದರೆ ಎಡೆ. ಅಲ್ಲಿ ಮಂತ್ರವಿಲ್ಲ, ಸಂಕಲ್ಪವಿಲ್ಲ. ನಡುಮನೆ ಸಾರಿಸಿ, ಗೋಡೆಗೆ ಒರಗಿಸಿದ ಫೋಟೊಗಳ ಮುಂದೆ ಬಾಳೆಎಲೆ ಹಾಸುತ್ತಾರೆ. ಸತ್ತವರ ಹೆಸರಿನಲ್ಲಿ ತಂದ ಹೊಸ ಪಂಚೆ, ಹೊಸ ಸೀರೆಯನ್ನು ಮಡಿಸಿ ಇಡುತ್ತಾರೆ. ಎಲೆಗೆ ಮುದ್ದೆ, ಬಾಡಿನ ಸಾರು, ಕಜ್ಜಾಯ, ವಡೆ, ಹಣ್ಣು. ತಾತನಿಗೆ ಬೀಡಿ ಇಷ್ಟವಿತ್ತೆಂದು ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ದೊಡ್ಡಪ್ಪ ಕುಡಿಯುತ್ತಿದ್ದ ಎಂದು ಸಣ್ಣ ಬಾಟಲಿ. ಅಜ್ಜಿಗೆ ಎಲೆಅಡಿಕೆ, ಕಡ್ಡಿಪುಡಿ. ಧೂಪ ಹಾಕಿ ಕೈಮುಗಿದ ಮೇಲೆ ಮನೆಮಂದಿಯೆಲ್ಲ ಆಚೆ ಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ಹಿರಿಯರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಎಲ್ಲರೂ ಜಗಲಿಯಲ್ಲಿ ಕಾಯುತ್ತಾರೆ. ಆಮೇಲೆ ಬಾಗಿಲು ತೆರೆದು, ಹೆಂಚಿನ ಮೇಲೆ ಕಾಗೆಗೆ ಇಟ್ಟು, ಅದೇ ಅಡುಗೆಯನ್ನು ನೆಂಟರಿಷ್ಟರೊಂದಿಗೆ ಕೂತು ಉಣ್ಣುತ್ತಾರೆ. 2024ರಲ್ಲಿ ಅಮಾವಾಸ್ಯೆ ಗಾಂಧಿ ಜಯಂತಿಯಂದೇ ಬಿದ್ದು, ಆ ದಿನ ಮಾಂಸ ಮಾರಾಟ ನಿಷೇಧವಿರುವ ಬೆಂಗಳೂರಿನಲ್ಲಿ ರಾಷ್ಟ್ರಪಿತನಿಗೂ ಮನೆಯ ಪಿತೃಗಳಿಗೂ ಸಣ್ಣದೊಂದು ತಿಕ್ಕಾಟ ಏರ್ಪಟ್ಟಿತು. ಎಡೆಯ ಈ ಇಡೀ ವಿಧಿಯಲ್ಲಿ ಧರ್ಮಶಾಸ್ತ್ರಕ್ಕಿಂತ ನೆನಪಿನ ಕೆಲಸ ದೊಡ್ಡದು. ತಾತ ಯಾವ ಬೀಡಿ ಸೇದುತ್ತಿದ್ದ, ಅಜ್ಜಿ ಕಜ್ಜಾಯವನ್ನು ಗಟ್ಟಿಯಾಗಿ ಇಷ್ಟಪಡುತ್ತಿದ್ದಳೋ ಮೆತ್ತಗೋ ಎಂಬ ಚರ್ಚೆ ಅಡುಗೆಮನೆಯಲ್ಲಿ ನಡೆಯಲೇಬೇಕು. ಅವರನ್ನು ಕಾಣದೆಯೇ ಬೆಳೆದ ಮೊಮ್ಮಕ್ಕಳು ಅದನ್ನು ಕೇಳಿಸಿಕೊಳ್ಳುತ್ತಾರೆ. ಒಬ್ಬ ಮನುಷ್ಯನ ಚರಿತ್ರೆಯನ್ನು ಅವನ ನಾಲಿಗೆಯ ರುಚಿಯಿಂದ ಹೇಳುವ ಕ್ರಮ ಇದು. ಬೇರೆ ಯಾವ ದಾಖಲೆಯಲ್ಲೂ ಆ ವಿವರ ಉಳಿಯುವುದಿಲ್ಲ.

ಶಾಸ್ತ್ರೋಕ್ತವಾಗಿ ಮಾಡುವ ಮನೆಗಳ ಕ್ರಮವನ್ನು ಗಮನಿಸಿದರೂ ಅಲ್ಲಿ ಕಾಣುವುದು ಬಗೆಬಗೆಯ ಸಾವುಗಳನ್ನು ಬಿಡದೆ ನೆನೆಯುವ ಎಚ್ಚರ. ಮುತ್ತೈದೆಯಾಗಿ ಹೋದವರಿಗೆ ಅವಿಧವಾ ನವಮಿ. ಅಪಘಾತ, ಆಯುಧಗಳಿಂದ ಸತ್ತವರಿಗೆ ಘಾತ ಚತುರ್ದಶಿ. ತೀರಿಕೊಂಡ ತಿಥಿಯೇ ಗೊತ್ತಿಲ್ಲದವರಿಗೆ ಸರ್ವಪಿತೃ ಅಮಾವಾಸ್ಯೆ. ಉಳಿದ ಶ್ರಾದ್ಧಗಳಲ್ಲಿ ಅಪ್ಪ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಮಾರಿಗೆ ಹೆಸರು ನಿಲ್ಲುತ್ತದೆ. ಮಹಾಲಯದಲ್ಲಿ ಮಾತ್ರ ಕಾರುಣಿಕ ಪಿತೃಗಳೆಂದು ತಾಯಿಯ ಕಡೆಯವರು, ಅತ್ತೆ ಮಾವ, ಸೋದರತ್ತೆ, ಗುರು, ಗೆಳೆಯರವರೆಗೂ ಎಳ್ಳುನೀರು ಹರಿಯುತ್ತದೆ. ಮಕ್ಕಳಿಲ್ಲದವರಿಗೂ ಅಲ್ಲಿ ಒಂದು ಪಾಲು ಉಂಟು. 2021ರ ಶರತ್ಕಾಲ ಇದರ ಬೆಲೆಯನ್ನು ಕಾಣಿಸಿತು. ಕೊರೊನಾದ ಎರಡನೆಯ ಅಲೆಯಲ್ಲಿ ಎಷ್ಟೋ ಮನೆಗಳಿಗೆ ಹೆಣ ನೋಡಲೂ ಸಿಕ್ಕಿರಲಿಲ್ಲ. ಆಸ್ಪತ್ರೆಯಿಂದ ಚಿತಾಗಾರಕ್ಕೆ ನೇರವಾಗಿ ಹೋದವರಿಗೆ ಬಂಧುಗಳು ಸೇರಿ ಮಾಡಿದ ಮೊದಲ ಕೆಲಸವೆಂದರೆ ಆ ಪಕ್ಷದ ಎಡೆ. ಯಾರೂ ಬಂದು ಒಯ್ಯದ ಚಿತಾಭಸ್ಮವನ್ನು ಸರ್ಕಾರವೇ ಆ ವರ್ಷ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಗೆ ಬಿಟ್ಟಿತು. ಪಿತೃಪಕ್ಷ ಬಂದಾಗ ಅವರ ಪಿಂಡಪ್ರದಾನವೂ ಶ್ರೀರಂಗಪಟ್ಟಣದ ನದೀತೀರದಲ್ಲಿ ಆಗಿನ ಕಂದಾಯ ಸಚಿವರ ಕೈಯಿಂದ ನಡೆಯಿತು. ಸರ್ಕಾರ ಇಂಥದ್ದನ್ನು ಮಾಡಬೇಕೆ ಎಂದು ಪ್ರಶ್ನಿಸುವುದು ಸುಲಭ. ಆದರೆ ತಮ್ಮದಲ್ಲದ ಸತ್ತವರ ಪಾಲನ್ನೂ ಯಾರಾದರೂ ಇಡಬೇಕು ಎಂದು ನಾಡಿಗೆ ಅನ್ನಿಸಿತಲ್ಲ, ಆ ಅನ್ನಿಸಿಕೆಗೆ ಆಕಾರ ಕೊಡಲು ಒಂದು ಋತು, ಒಂದು ಪಕ್ಷ ಮೊದಲೇ ಸಿದ್ಧವಾಗಿತ್ತು.

ಇನ್ನು ಹಬ್ಬದ ಕಡೆಗೆ ಬರೋಣ. ಎಡೆಯ ಮರುದಿನವೇ ನಗುವುದು ಹೇಗೆ ಸಾಧ್ಯ ಎಂದು ಕೇಳುವವರು ನವರಾತ್ರಿಯನ್ನು ಬರೀ ಸಡಗರ ಎಂದು ತಿಳಿದಿದ್ದಾರೆ. ದೇವೀಭಾಗವತ ವಸಂತ ಮತ್ತು ಶರತ್ತು ಎರಡನ್ನೂ ಯಮನ ಕೋರೆಹಲ್ಲುಗಳೆಂದು ಕರೆಯುತ್ತದೆ. ರೋಗಗಳು ಹೆಚ್ಚಿ ಜನ ಸಾಯುವ ಕಾಲಗಳಿವು, ಆದ್ದರಿಂದಲೇ ಈ ಎರಡು ಋತುಗಳಲ್ಲಿ ನವರಾತ್ರಿಯ ಪೂಜೆ ಮಾಡಬೇಕು ಎಂಬುದು ಅದರ ತರ್ಕ. ಹಳೆಯ ವೈದ್ಯರು ಕೂಡ ಶರತ್ತನ್ನು ತಮ್ಮ ತಾಯಿ ಎಂದು ತಮಾಷೆ ಮಾಡುತ್ತಿದ್ದರು, ಏಕೆಂದರೆ ಅವರ ಹೊಟ್ಟೆ ತುಂಬಿಸುತ್ತಿದ್ದವಳು ಅವಳೇ. ಆ ತರ್ಕ ಹಳತಾಗಿಲ್ಲ. ಮಳೆ ನಿಂತು ಅಲ್ಲಲ್ಲಿ ನೀರು ನಿಲ್ಲುವ ಈ ತಿಂಗಳುಗಳಲ್ಲೇ ಇಂದಿಗೂ ಡೆಂಗಿ ಜ್ವರದ ಕಾಟ, ಆಸ್ಪತ್ರೆಗಳ ಮುಂದೆ ಸಾಲು. ನೂರು ವರ್ಷ ಬಾಳುವಂತಾಗಲಿ ಎನ್ನಲು ವೇದಕಾಲದವರು ನೂರು ಶರತ್ತುಗಳನ್ನು ಕೇಳಿಕೊಂಡರು. ಮಳೆಗಾಲದ ಜ್ವರಗಳನ್ನು ದಾಟಿ ತಿಳಿಯಾದ ಆಕಾಶ ಕಂಡವನಿಗೇ ಇನ್ನೊಂದು ವರ್ಷ ಗೆದ್ದೆನೆಂಬ ಧೈರ್ಯ ಬರುತ್ತಿದ್ದಿರಬೇಕು. ಹೀಗೆ ನೋಡಿದರೆ ನವರಾತ್ರಿಯ ಸಂತೋಷ ಸಾವನ್ನು ಮರೆತವರದಲ್ಲ, ಅದರ ಪಕ್ಕದಲ್ಲೇ ನಡೆದು ಪಾರಾಗಿ ಬಂದವರದು. ಅಮಾವಾಸ್ಯೆಯಂದು ಹೋದವರನ್ನು ಎಣಿಸಿದವರು ಪಾಡ್ಯದಂದು ಉಳಿದವರನ್ನು ಎಣಿಸುತ್ತಾರೆ. ಎರಡನೆಯ ಎಣಿಕೆಯ ಖುಷಿ ಏನೆಂದು ಮೊದಲನೆಯದನ್ನು ಮಾಡಿದವರಿಗೇ ಗೊತ್ತು.

ಬೊಂಬೆ ಹಬ್ಬವನ್ನು ಹತ್ತಿರದಿಂದ ನೋಡಿದರೆ ಈ ಎರಡು ಎಣಿಕೆಗಳೂ ಒಂದೇ ಟ್ರಂಕಿನಲ್ಲಿ ಸಿಗುತ್ತವೆ. ಮೈಸೂರು, ಬೆಂಗಳೂರಿನ ಮನೆಗಳಲ್ಲಿ ಅಟ್ಟದಿಂದ ಪೆಟ್ಟಿಗೆ ಇಳಿಸಿ ಬಿಚ್ಚುವಾಗ ಮೊದಲು ಕೈಗೆ ಬರುವುದು ಗೊಂಬೆಯಲ್ಲ, ಅದಕ್ಕೆ ಸುತ್ತಿದ ಹಳೆಯ ನೂಲಿನ ಸೀರೆಯ ತುಂಡು. ಎಷ್ಟೋ ಸಲ ಅದನ್ನು ಉಟ್ಟವರು ಈಗ ಇರುವುದಿಲ್ಲ. ನುಸಿಗುಳಿಗೆಯ ವಾಸನೆಯ ನಡುವಿನಿಂದ ಹೊರಬರುವ ಪಟ್ಟದ ಗೊಂಬೆಗಳು, ಮರದಲ್ಲಿ ಕೆತ್ತಿದ ರಾಜ ರಾಣಿ, ಮದುವೆಯಲ್ಲಿ ತವರಿನವರು ಮಗಳಿಗೆ ಕೊಟ್ಟವು. ಪ್ರತಿ ವರ್ಷ ಹೊಸ ಜರಿಬಟ್ಟೆ, ಹೊಸ ಸರ ತೊಡಿಸಿ ಅವನ್ನು ಮೇಲಿನ ಮೆಟ್ಟಿಲಿನಲ್ಲಿ ನಿಲ್ಲಿಸುತ್ತಾರೆ. ಬಣ್ಣ ಹೋಗಿದ್ದರೂ ಬದಲಿಸುವುದಿಲ್ಲ. ಕೆಳಗಿನ ಮೆಟ್ಟಿಲುಗಳಲ್ಲಿ ಮಾತ್ರ ವರ್ಷವರ್ಷವೂ ಹೊಸಬರು ಸೇರುತ್ತಾರೆ: ಚನ್ನಪಟ್ಟಣದ ಅರಗಿನ ಗೊಂಬೆ, ಕಿನ್ನಾಳದ ಗೊಂಬೆ, ಮಗು ತಂದಿಟ್ಟ ಪ್ಲಾಸ್ಟಿಕ್ ಕ್ರಿಕೆಟ್ ತಂಡ, ಚಂದ್ರಯಾನದ ರಾಕೆಟ್. ರಾಣಿಗೆ ರಾಕೆಟ್ ನೆರೆಯಾದರೆ ಯಾರೂ ತಕರಾರು ತೆಗೆಯುವುದಿಲ್ಲ. ಬದಲಾವಣೆಯನ್ನು ಒಂದು ಕುಟುಂಬ ಹೇಗೆ ಅರಗಿಸಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಮೇಲಿನ ಮೆಟ್ಟಿಲನ್ನು ಹೋದವರಿಗೆ ಬಿಟ್ಟುಕೊಟ್ಟ ಮನೆ ಕೆಳಗಿನ ಮೆಟ್ಟಿಲುಗಳಲ್ಲಿ ಧಾರಾಳವಾಗಿರಬಲ್ಲದು. ಹಿಂದಿನದಕ್ಕೆ ಗೊತ್ತಾದ ಜಾಗ ಕೊಡದವರು ಎಲ್ಲ ಮೆಟ್ಟಿಲುಗಳಲ್ಲೂ ಅದನ್ನೇ ಕಾಯುತ್ತ ಕೂರುತ್ತಾರೆ, ಇಲ್ಲವೇ ಪೆಟ್ಟಿಗೆಯನ್ನೇ ಬಿಚ್ಚುವುದಿಲ್ಲ.

ಮನೆಯಿಂದ ಗದ್ದೆಗೆ ಹೋದರೂ ಇದೇ ಮಾತು. ವಿಜಯದಶಮಿಯಾಗಿ ಐದು ದಿನಕ್ಕೆ ಬರುವ ಆಶ್ವಯುಜದ ಹುಣ್ಣಿಮೆ ಉತ್ತರದಲ್ಲಿ ಶೀಗಿ ಹುಣ್ಣಿಮೆ, ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ಸಾಗರ, ಸೊರಬದ ಕಡೆಯ ದೀವರ ಹೆಂಗಸರು ಬಿದಿರ ಬುಟ್ಟಿಗೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ರಾತ್ರಿಯಿಡೀ ಅಡುಗೆ ಮಾಡಿ, ಹತ್ತಾರು ಬಗೆಯ ಸೊಪ್ಪು ಕುಡಿ ಬೇಯಿಸಿ, ನಸುಕಿನಲ್ಲೇ ಬುಟ್ಟಿ ಹೊತ್ತು ಗದ್ದೆಗೆ ಹೋಗುತ್ತಾರೆ. ಹೊಡೆ ತುಂಬಿದ ಭತ್ತ ಬಸುರಿ, ಅವಳಿಗೆ ಇದು ಬಯಕೆಯೂಟ. ಪೈರಿಗೆ ಮೈಮೇಲಿನ ಸರವನ್ನೇ ತೊಡಿಸಿ ಪೂಜಿಸುವುದೂ ಉಂಟು, ಕಾಗೆಗೂ ಇಲಿಗೂ ಎಡೆ ತೆಗೆದಿಡುವುದೂ ಉಂಟು. ಬೆಳೆ ಮನೆಗೆ ಬಂದ ಮೇಲೆ ಮಾಡುವ ಸುಗ್ಗಿಯ ಹಬ್ಬ ಇದಲ್ಲ ಎನ್ನುವುದನ್ನು ಗಮನಿಸಬೇಕು. ಕಾಳು ಕೈಗೆ ಬರುವುದು ಇನ್ನೂ ಖಚಿತವಿಲ್ಲ. ಚಿತ್ತೆ ಮಳೆ ಜಾಸ್ತಿಯಾದರೆ ಪೈರು ಮಲಗುತ್ತದೆ, ಸ್ವಾತಿ ಕೈಕೊಟ್ಟರೆ ಜೊಳ್ಳಾಗುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ಆ ವರ್ಷವೂ ಹುಣ್ಣಿಮೆ ಬಂತು, ಬುಟ್ಟಿಯೂ ಗದ್ದೆಗೆ ಹೋಯಿತು. ಫಲ ಸಿಕ್ಕಿದ್ದಕ್ಕೆ ಕೃತಜ್ಞತೆ ಹೇಳುವುದು ಯಾರಿಗಾದರೂ ಬರುತ್ತದೆ; ಸಿಗದೇ ಹೋಗಬಹುದು ಎಂದು ತಿಳಿದೇ ಬಡಿಸುವುದಕ್ಕೆ ಬೇರೆ ಮನಸ್ಸು ಬೇಕು. ಹೋದವರಿಗೆ ಹದಿನೈದು ದಿನ ಬಡಿಸಿ ಅಭ್ಯಾಸವಾದ ಕೈಗೆ ಆ ಮನಸ್ಸು ಒದಗುತ್ತದೆ ಎಂದೇ ನನ್ನ ಎಣಿಕೆ.

ಇಲ್ಲಿಯವರೆಗೆ ಎಡೆ ಮೊದಲು, ಹಬ್ಬ ಆಮೇಲೆ ಎಂಬ ಕ್ರಮವನ್ನೇ ಹಿಡಿದು ಹೇಳಿದ್ದೇನೆ. ಕರಾವಳಿ ಈ ಕ್ರಮಕ್ಕೆ ಗಟ್ಟಿಯಾದ ಪ್ರತಿವಾದ ಒಡ್ಡುತ್ತದೆ. ಮಂಗಳೂರು ಸೀಮೆಯ ಕ್ಯಾಥೋಲಿಕ್ ಕುಟುಂಬಗಳಿಗೆ ಶರತ್ತಿನ ಬಾಗಿಲು ಸೆಪ್ಟೆಂಬರ್ 8ರ ಮೊಂತಿ ಹಬ್ಬ. ಇಗರ್ಜಿಯಲ್ಲಿ ಆಶೀರ್ವಾದ ಪಡೆದ ಹೊಸ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಹಾಲಿಗೆ ಸೇರಿಸಿ, ಹಿರಿಯರ ಕೈಯಿಂದ ಎಲ್ಲರಿಗೂ ಹಂಚುತ್ತಾರೆ. ಕುಟುಂಬವೆಲ್ಲ ಒಟ್ಟಿಗೆ ಕೂತು ಉಣ್ಣುವ ಊಟ ಅಂದು ಪೂರ್ತಿ ಸಸ್ಯಾಹಾರ. ಕೊಲ್ಲಿ ದೇಶದಲ್ಲೋ ಮುಂಬಯಿಯಲ್ಲೋ ಇರುವವರಿಗೂ ಆ ಕಾಳು ತಲುಪಿಸುವ ರೂಢಿಯಿದೆ. ಸತ್ತವರ ಸಮಾಧಿಗೆ ಹೂವು, ಮೇಣದಬತ್ತಿ ಇಡುವ ದಿನ ಬರುವುದು ಆಮೇಲೆ, ನವೆಂಬರ್ 2ಕ್ಕೆ. ಅಂದರೆ ಅಲ್ಲಿ ಹಬ್ಬ ಮೊದಲು, ಎಡೆ ಆಮೇಲೆ. ತುಳುನಾಡಿನ ಎಷ್ಟೋ ಮನೆಗಳಲ್ಲಿ ಸತ್ತವರಿಗೆ ಬಡಿಸುವುದು ದೀಪಾವಳಿಯ ಹೊತ್ತಿಗೇ. ಹಾಗೆ ನೋಡಿದರೆ ದೀಪಾವಳಿಯೇ ಹಿಂದಿರುಗಿ ಬರುವವನ ಹಬ್ಬ. ಪಾತಾಳಕ್ಕೆ ಹೋದ ಬಲೀಂದ್ರ ವರ್ಷಕ್ಕೊಮ್ಮೆ ತನ್ನ ನಾಡನ್ನು ನೋಡಲು ಬರುತ್ತಾನೆ, ಜನ ಅಂಗಳದಲ್ಲಿ ದೀಪ ಹಚ್ಚಿ ಅವನನ್ನು ಕೂಗಿ ಕರೆಯುತ್ತಾರೆ. ಆದ್ದರಿಂದ ವಾದವನ್ನು ಸ್ವಲ್ಪ ತಿದ್ದಬೇಕು. ಯಾವುದು ಮೊದಲು ಎನ್ನುವುದು ನಾಡಿನ ಬಹುಪಾಲು ಮನೆಗಳಲ್ಲಿ ಒಂದು ರೀತಿ, ಕರಾವಳಿಯಲ್ಲಿ ಇನ್ನೊಂದು ರೀತಿ. ಎಲ್ಲ ಕಡೆಯೂ ಬದಲಾಗದ ಸಂಗತಿಗಳು ಎರಡು: ಒಂದೇ ಋತುವಿನಲ್ಲಿ ಇವೆರಡೂ ನೆರೆಹೊರೆಯಾಗಿ ಬರುತ್ತವೆ, ಮತ್ತು ಎರಡಕ್ಕೂ ಅಡುಗೆಯಾಗುವುದು ಒಂದೇ ಒಲೆಯ ಮೇಲೆ. ಶೋಕಕ್ಕೆ ಬೇರೆ ಕೋಣೆ, ಸಂತೋಷಕ್ಕೆ ಬೇರೆ ಕೋಣೆ ಎಂದು ಮಾಡಿಟ್ಟ ಮನೆಯಲ್ಲಿ ಒಂದಕ್ಕೆ ಬೀಗ ಬೀಳುವುದು ಖಂಡಿತ.

ಇನ್ನು ಎಲ್ಲಕ್ಕಿಂತ ಖಾರವಾದ ಆಕ್ಷೇಪ. ಇದ್ದಾಗ ಒಂದು ಲೋಟ ಬಿಸಿನೀರು ಕೊಡದವರು ಸತ್ತ ಮೇಲೆ ಬಾಳೆಎಲೆ ತುಂಬ ಬಡಿಸುತ್ತಾರೆ, ಪಿತೃದೋಷದ ಹೆದರಿಕೆಯಲ್ಲಿ ದುಡ್ಡು ಸುರಿಯುತ್ತಾರೆ, ಇದರಲ್ಲಿ ಪ್ರೀತಿ ಎಲ್ಲಿದೆ ಎಂದು ಊರಿನ ಕಟ್ಟೆಯ ಮೇಲೂ ಜನ ಆಡಿಕೊಳ್ಳುತ್ತಾರೆ. ಹನ್ನೆರಡನೆಯ ಶತಮಾನದ ಶರಣರು ಇನ್ನೂ ಮುಂದೆ ಹೋಗಿ ಸೂತಕವನ್ನೇ ತಳ್ಳಿಹಾಕಿದರು, ಸಾವನ್ನು ಮಹಾನವಮಿಯಂತೆ ಕಾಣಬೇಕೆಂದರು. ಈ ಟೀಕೆಯ ಸತ್ಯವನ್ನು ಅಲ್ಲಗಳೆಯಲಾಗದು. ಭಯವನ್ನು ಮಾರಿಕೊಂಡು ಬದುಕುವವರು ಟಿವಿಯ ಬೆಳಗಿನ ಕಾರ್ಯಕ್ರಮಗಳಲ್ಲೇ ಕೂತಿದ್ದಾರೆ. ಆದರೆ ಒಂದು ಪದ್ಧತಿಯನ್ನು ಅದನ್ನು ಕೆಡಿಸಿದವರಿಂದ ಅಳೆದರೆ ಅರ್ಧ ಮಾತ್ರ ಅಳೆದಂತೆ. ಇದ್ದಾಗ ನೋಡಿಕೊಳ್ಳದವನಿಗೂ ವರ್ಷಕ್ಕೊಮ್ಮೆ ಆ ಫೋಟೊದ ಎದುರು ನಿಲ್ಲುವುದು ತಪ್ಪುವುದಿಲ್ಲ, ಅದೂ ಎಲ್ಲ ಬಲ್ಲ ನೆಂಟರ ಕಣ್ಣೆದುರಿಗೆ. ಅದು ಪ್ರೀತಿಯಾಗಿರಲಿಕ್ಕಿಲ್ಲ, ಉತ್ತರ ಕೊಡಬೇಕಾದ ಒಂದು ಹೊತ್ತಂತೂ ಹೌದು. ಶರಣರ ಮಾತಿನಲ್ಲೂ ನನಗೆ ಕಾಣುವುದು ಈ ವಾದದ ನಿರಾಕರಣೆಗಿಂತ ಹೆಚ್ಚಾಗಿ ಅದರ ತುತ್ತತುದಿ. ಪಂಚಾಂಗ ಸಾವನ್ನೂ ಮಹಾನವಮಿಯನ್ನೂ ಅಕ್ಕಪಕ್ಕ ಕೂರಿಸಿತು, ಅವರು ನಡುವಿನ ಒಂದು ರಾತ್ರಿಯನ್ನೂ ತೆಗೆದುಹಾಕಿ ಎರಡನ್ನೂ ಒಂದೇ ಎಂದರು. ಅಷ್ಟು ಎತ್ತರಕ್ಕೆ ಏರಲಾರದ ನಮ್ಮಂಥ ಸಂಸಾರಿಗಳಿಗೆ ಆ ಒಂದು ರಾತ್ರಿ ಬೇಕು.

ಒಂದು ಕಡೆ ಮಾತ್ರ ಈ ಪದ್ಧತಿಯ ಪರ ವಕಾಲತ್ತು ವಹಿಸಲು ನನ್ನಿಂದಾಗದು. ಎಡೆಗೆ ಬೆಳಗಿನಿಂದ ಬೇಯಿಸುವವರು ಹೆಂಗಸರು, ನೀರು ಬಿಡುವ ಹಕ್ಕು ಬಹುಪಾಲು ಮನೆಗಳಲ್ಲಿ ಗಂಡಸರದು. ಅದಕ್ಕಿಂತ ಕ್ರೂರವಾದದ್ದು ಮಾರನೆಯ ದಿನದ ವ್ಯವಹಾರ. ಗಂಡನನ್ನು ಕಳೆದುಕೊಂಡವಳಿಗೆ ಬೊಂಬೆಯ ಮುಂದೆ ಅರಿಶಿನ ಕುಂಕುಮವಿಲ್ಲ, ಬಾಗಿನವಿಲ್ಲ, ಆರತಿ ಎತ್ತಲು ಕರೆಯಿಲ್ಲ. ಮನೆಯಲ್ಲಿ ಆದ ಒಂದೇ ನಷ್ಟಕ್ಕೆ ಉಳಿದವರೆಲ್ಲ ಪಕ್ಷದಲ್ಲಿ ಒಂದು ಹಗಲು ತಲೆಬಾಗಿ ಮುಂದೆ ನಡೆದರೆ, ಅವಳಿಗೆ ಮಾತ್ರ ಹಬ್ಬಕ್ಕೆ ದಾಟುವ ಸೇತುವೆಯನ್ನೇ ಎಳೆದುಹಾಕುತ್ತಾರೆ. ಶೋಕಕ್ಕೆ ಒಂದು ಗಡುವು ಇರಬೇಕೆಂದೇ ಈ ಏರ್ಪಾಡು ಹುಟ್ಟಿದ್ದರೆ, ಹೆಚ್ಚು ದುಃಖಪಟ್ಟವಳಿಗೇ ಗಡುವಿಲ್ಲ ಎನ್ನುವುದು ಅದರದೇ ನ್ಯಾಯಕ್ಕೆ ವಿರುದ್ಧ. ಹಾಗಾಗಿ ತಾಯಿಯ ಕೈಯಿಂದಲೇ ಮೊದಲ ಆರತಿ ಎತ್ತಿಸುವ, ಮಗಳ ಕೈಯಲ್ಲಿ ಎಡೆ ಇಡಿಸುವ ಮನೆಗಳು ಪದ್ಧತಿಯನ್ನು ಮುರಿಯುತ್ತಿವೆ ಎಂದು ಗೊಣಗುವವರ ಜೊತೆ ನಾನಿಲ್ಲ. ಆ ಮನೆಗಳು ಪದ್ಧತಿಯ ಒಳಗಿನ ತಿರುಳನ್ನು ಅದನ್ನು ಕಾಯುತ್ತೇವೆ ಎನ್ನುವವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿವೆ.

ದುಃಖ ಪಂಚಾಂಗ ನೋಡಿಕೊಂಡು ಬರುವುದಿಲ್ಲ ಎಂಬ ಮಾತೂ ಉಳಿದಿದೆ. ನಿಜ. ಮಾಘದಲ್ಲಿ ಮಗನನ್ನು ಕಳೆದುಕೊಂಡವರಿಗೆ ಭಾದ್ರಪದದವರೆಗೆ ಕಾಯಿರಿ ಎನ್ನಲಾಗದು. ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬ ಮಾಡದಿರುವ ರೂಢಿ ಇದನ್ನು ಬಲ್ಲ ಜನರೇ ಮಾಡಿಕೊಂಡದ್ದು. ಹಸಿ ಗಾಯದ ಮೇಲೆ ಯಾರೂ ಚೆಂಡುಹೂವಿನ ತೋರಣ ಕಟ್ಟುವುದಿಲ್ಲ. ಆದರೆ ವರ್ಷ ತುಂಬಿದ ಮೇಲೆ ಏನು? ಮೊದಲ ವರ್ಷ ಮನೆತುಂಬ ಜನ, ಎರಡನೆಯ ವರ್ಷ ಫೋನು, ಮೂರನೆಯ ವರ್ಷ ಅದೂ ಇಲ್ಲ. ಹೊಸ ದುಃಖಕ್ಕೆ ಲೋಕದ ಸಹಾನುಭೂತಿ ತಾನಾಗಿ ಬರುತ್ತದೆ, ಹಳೆಯ ದುಃಖದ ಬಗ್ಗೆ ಮಾತೆತ್ತಲು ಒಂದು ನೆಪ ಬೇಕಾಗುತ್ತದೆ. ಹತ್ತು ವರ್ಷದ ಹಿಂದೆ ಹೋದ ಅಕ್ಕನ ಹೆಸರನ್ನು ಏಪ್ರಿಲ್ ತಿಂಗಳ ಒಂದು ಮಂಗಳವಾರ ಇದ್ದಕ್ಕಿದ್ದಂತೆ ಎತ್ತಿದರೆ ಮನೆಯವರು ಗಾಬರಿಯಾಗುತ್ತಾರೆ. ಪಕ್ಷದಲ್ಲಿ ಎತ್ತಿದರೆ ಯಾರೂ ಬೆಚ್ಚುವುದಿಲ್ಲ, ಅವಳಿಗೆ ಹೋಳಿಗೆಯ ಜೊತೆ ತುಪ್ಪವೇ ಬೇಕಿತ್ತು ಎಂದು ಇನ್ನೊಬ್ಬರು ಸೇರಿಸುತ್ತಾರೆ. ಋತುವಿನ ಉಪಯೋಗ ಇದು.

ಈಗ ಅಣ್ಣ ಆಸ್ಟಿನ್‌ನಲ್ಲಿ, ತಂಗಿ ಪುಣೆಯಲ್ಲಿ, ಅಪ್ಪ ಅಮ್ಮ ಮೈಸೂರಿನಲ್ಲಿ ಎಂಬ ಸಂಸಾರಗಳೇ ಹೆಚ್ಚು. ಫ್ಲ್ಯಾಟಿನ ಬಾಲ್ಕನಿಗೆ ಕಾಗೆಗಿಂತ ಪಾರಿವಾಳವೇ ಹೆಚ್ಚು ಬರುತ್ತದೆ. ಹೊರನಾಡಿನಲ್ಲಿರುವವರಿಗೆ ರಜೆ ಕ್ರಿಸ್‌ಮಸ್‌ಗೆ ಸಿಗುತ್ತದೆಯೇ ಹೊರತು ಮಹಾಲಯಕ್ಕೆ ಸಿಗುವುದಿಲ್ಲ. ಹೊರದೇಶದ ಕನ್ನಡ ಸಂಘಗಳು ದಸರೆಯನ್ನೂ ದೀಪಾವಳಿಯನ್ನೂ ಅನುಕೂಲದ ಶನಿವಾರಕ್ಕೆ ತಳ್ಳಿ ಸಭಾಂಗಣದಲ್ಲಿ ಜೋರಾಗಿಯೇ ಮಾಡುತ್ತವೆ. ಅದರಲ್ಲಿ ತಪ್ಪೇನಿಲ್ಲ, ಚಾಂದ್ರಮಾನದ ತಿಥಿಗಳು ವರ್ಷದಿಂದ ವರ್ಷಕ್ಕೆ ಓಡಾಡುವಾಗ ಹಬ್ಬ ಒಂದೆರಡು ದಿನ ಸರಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆದರೆ ಊರು ಬಿಟ್ಟವರು ಶರತ್ಕಾಲದ ಅರ್ಧವನ್ನಷ್ಟೇ ಸೂಟ್‌ಕೇಸಿನಲ್ಲಿ ಒಯ್ದಿದ್ದಾರೆ. ಹಬ್ಬಕ್ಕೆ ವೇದಿಕೆ ಸಿಕ್ಕಿತು, ಎಡೆಗೆ ಸಿಗಲಿಲ್ಲ. ಊರಿನಲ್ಲಿ ಉಳಿದವರ ಕತೆಯೂ ಬೇರೆಯಲ್ಲ. ಗೊಂಬೆಯ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ನೂರು ಬರುತ್ತವೆ, ಪಕ್ಷದ ದಿನ ಗುಂಪು ಮೌನವಾಗಿರುತ್ತದೆ, ಇಲ್ಲವೇ ಯಾರೋ ಕಳಿಸಿದ ಹಾರ ಹಾಕಿದ ಚಿತ್ರಕ್ಕೆ ಕೈಮುಗಿದ ಗುರುತುಗಳು ಸಾಲಾಗಿ ಬೀಳುತ್ತವೆ. ಸತ್ತವರ ವಿಷಯ ಎತ್ತಿ ಸಂತೋಷ ಕೆಡಿಸುವುದು ಬೇಡ ಎಂಬ ಸೌಜನ್ಯ ಇದರ ಹಿಂದಿರಬಹುದು. ಆ ಸೌಜನ್ಯದ ಫಲವಾಗಿಯೇ ಹಬ್ಬದ ಊಟದ ನಡುವೆ ಒಬ್ಬರ ಕಣ್ಣು ತುಂಬಿದರೆ ಉಳಿದವರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಎಡೆಯ ದಿನ ಅತ್ತು ಹಗುರಾಗಿದ್ದರೆ ಆ ಪ್ರಸಂಗವೇ ಬರುತ್ತಿರಲಿಲ್ಲ.

ಆದ್ದರಿಂದ ಬದಲಾದ ಕುಟುಂಬಗಳಿಗೆ ನನ್ನ ಸಲಹೆ ಚಿಕ್ಕದು, ಅದಕ್ಕೆ ಪುರೋಹಿತರೂ ಬೇಡ, ನಂಬಿಕೆಯೂ ಕಡ್ಡಾಯವಲ್ಲ. ಶರತ್ಕಾಲದ ಯಾವುದಾದರೂ ಒಂದು ದಿನ, ಹಬ್ಬಕ್ಕೆ ಹೊಸ ಬಟ್ಟೆ ತರುವ ಮೊದಲು, ಹೋದವರಿಗೆ ಇಷ್ಟವಿದ್ದ ಒಂದು ಅಡುಗೆಯನ್ನು ಅವರ ಹೆಸರು ಹೇಳಿ ಮಾಡಬೇಕು. ಮಕ್ಕಳನ್ನು ಅಡುಗೆಮನೆಗೆ ಕರೆದು ಅವರು ಯಾರು, ಅದನ್ನು ಹೇಗೆ ಉಣ್ಣುತ್ತಿದ್ದರು, ಯಾಕೆ ಜಗಳವಾಡುತ್ತಿದ್ದರು ಎಂದು ಹೇಳಬೇಕು. ದೂರದಲ್ಲಿರುವ ಅಣ್ಣ ಅವತ್ತು ತನ್ನ ಅಡುಗೆಮನೆಯಲ್ಲೂ ಅದನ್ನೇ ಮಾಡಲಿ. ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ಜಗಳ ಫೋನಿನಲ್ಲೇ ಆಗಲಿ. ಅಪ್ಪನ ಫೋಟೊದ ಮುಂದೆ ಎಲೆ ಹಾಕಲು ಅಮ್ಮ ಹಿಂಜರಿದರೆ ಮೊದಲ ತುತ್ತು ಅವಳ ಕೈಯಿಂದಲೇ ಬೀಳಲಿ. ಇಷ್ಟು ಮಾಡಿದ ಮೇಲೆ ಬನ್ನಿ ಹಂಚುವುದು, ಬೊಂಬೆ ಕೂರಿಸುವುದು, ದೀಪ ಹಚ್ಚುವುದು ಎಲ್ಲವೂ ಆಗಲಿ, ಗದ್ದಲದಿಂದಲೇ ಆಗಲಿ. ಮುಂದಿನ ಶರತ್ತಿನ ಹೊತ್ತಿಗೆ ಪಂಕ್ತಿಯಲ್ಲಿ ಒಂದು ಎಲೆ ಕಡಿಮೆಯಾಗಿರಬಹುದು, ಒಂದು ತೊಟ್ಟಿಲು ಹೆಚ್ಚಾಗಿರಬಹುದು. ಎರಡಕ್ಕೂ ಜಾಗ ಮಾಡಿಕೊಡುವುದು ಹೇಗೆಂದು ಕಲಿಸಲು ನಮಗಿರುವ ಪಾಠಶಾಲೆ ಈ ಎರಡು ತಿಂಗಳು. ಅದರಲ್ಲಿ ಸಿಹಿ ಹಂಚುವ ತರಗತಿಗೆ ಮಾತ್ರ ಹಾಜರಾಗಿ ಬಂದವರು ಪಾಸಾಗುವುದು ಕಷ್ಟ.